ಸಿದ್ದಲಕ್ಷ್ಮಮ್ಮ ಗೋಣಿ ಎಳೆದ ಹಾದಿ

ಮಾಗಿಯ ಚಳಿಗೆ ತೊರೆಪಾಳ್ಯದ ಕೆರೆ ಇನ್ನೂ ಹೊದ್ದು ಮಲಗಿದೆ. ನೀರಿನ ಮೇಲೂ ಮಂಜು, ಏರಿಯ ಮೇಲೂ ಮಂಜು. ಯಾವುದು ಕೆರೆ, ಯಾವುದು ದಾರಿ ಎಂದು ಹೊಸಬರಿಗೆ ತಿಳಿಯುವ ಹೊತ್ತಲ್ಲ. ಆ ಮಂಜಿನೊಳಗಿಂದ ಮೊದಲು ಸದ್ದು ಬರುತ್ತದೆ, ನೆಲದ ಮೇಲೆ ಏನನ್ನೋ ಸರಸರ ಎಳೆದುಕೊಂಡು ಬರುವ ಸದ್ದು. ಆಮೇಲೆ ತಲೆಗೆ ಟವೆಲ್ಲು ಸುತ್ತಿ, ಸೀರೆಯನ್ನು ಎತ್ತಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಹೆಂಗಸೊಬ್ಬರು ಕಾಣಿಸುತ್ತಾರೆ. ಹಗ್ಗದ ಇನ್ನೊಂದು ತುದಿಯಲ್ಲಿ, ಸಂತೆಗೆ ಹೊರಡಲು ಒಲ್ಲದ ಕರುವಿನ ಹಾಗೆ, ಒದ್ದೆ ಗೋಣಿಚೀಲವೊಂದು ಹಿಂದೆ ಹಿಂದೆ ಬರುತ್ತಿದೆ.

ಏರಿಯ ತುದಿ ಮುಟ್ಟಿದ ಮೇಲೆ ಸಿದ್ದಲಕ್ಷ್ಮಮ್ಮ ಹಗ್ಗ ಬಿಚ್ಚಿ ಗೋಣಿಯನ್ನು ಮಗುಚಿ ಹಾಕುತ್ತಾರೆ. ನೆಲಕ್ಕೆ ಉಜ್ಜಿದ ಅದರ ಹೊಟ್ಟೆಯ ತುಂಬ ನೆಗ್ಗಿಲ ಮುಳ್ಳು. ಗಾತ್ರ ಕಡಲೆಕಾಳಿನಷ್ಟು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಬರಿಗಾಲಿಗೆ ಸಿಕ್ಕರೆ ಅಯ್ಯೋ ಅನ್ನಿಸುತ್ತದೆ, ಸೈಕಲ್ ಟೈರಿಗೆ ಸಿಕ್ಕರೆ ಉಸ್ಸೆನ್ನಿಸುತ್ತದೆ. ಚೀಲದೊಳಗೆ ಒಂದಿಷ್ಟು ಮರಳು ತುಂಬಿ, ನೀರಲ್ಲಿ ಅದ್ದಿ ಎಳೆದರೆ ಸೆಣಬಿನ ನಾರು ಮುಳ್ಳನ್ನು ಕಚ್ಚಿಕೊಂಡು ಬಿಡುವುದಿಲ್ಲ. ಪೊರಕೆ ಹಿಡಿದು ಗುಡಿಸಿದರೆ ಧೂಳು ಏಳುತ್ತದೆಯೇ ಹೊರತು ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ.

“ನೆನ್ನೆ ತಾನೆ ಎಳ್ದಿದ್ದೆ, ಮತ್ತೆ ನೋಡಿ ಹೆಂಗೆ ಬಂದವೆ! ಕುರಿ ಕಾಲಲ್ಲಿ ಬತ್ತವೆ, ನಾಯಿ ಬಾಲ್ದಲ್ಲಿ ಬತ್ತವೆ. ನಮ್ಮನೆಗೆ ನೆಂಟ್ರೂ ಇಷ್ಟೊಂದು ಬರಕ್ಕಿಲ್ಲ,” ಎಂದು ನಗುತ್ತಾರೆ ಅವರು. ನಗುತ್ತಲೇ ಒಂದು ಕಾಲಿನ ಚಪ್ಪಲಿ ಕಳಚಿ ಅಂಗಾಲಿನ ಕಡೆ ತಿರುಗಿಸಿ ನೋಡುತ್ತಾರೆ. ಹಳೆಯ ಟೈರು ಕೊಯ್ದು ಮಾಡಿಸಿದ ಚಪ್ಪಲಿ. ಗೋಣಿ ಎಳೆದಾದ ಮೇಲೆ ಅದೇ ದಾರಿಯಲ್ಲಿ ಕಾಲು ಒತ್ತಿ ಒತ್ತಿ ನಡೆದು, ಚಪ್ಪಲಿ ನೋಡುವುದು ಅವರ ಪದ್ಧತಿ. ಮುಳ್ಳು ಹತ್ತಿದ್ದರೆ ಆ ತುಂಡಿಗೆ ಇನ್ನೊಂದು ಸಲ ಗೋಣಿ. ಚಪ್ಪಲಿ ಚೊಕ್ಕಟವಾಗಿದ್ದರೆ ಮುಂದಕ್ಕೆ.

ಗುಬ್ಬಿ ತಾಲ್ಲೂಕಿನ ಅಂಚಿನಲ್ಲಿ, ಕುಣಿಗಲ್ ಕಡೆಗೆ ಮುಖ ಮಾಡಿ ಕೂತ ಊರು ತೊರೆಪಾಳ್ಯ. ಸುತ್ತಲಿನ ನೆಲಕ್ಕೆ ಏರೂ ಇಲ್ಲ, ಇಳಿವೂ ಇಲ್ಲ. ಮುದ್ದೆ ತಟ್ಟೆಯ ಹಾಗೆ ಸಮ. ನಾಲೆಯ ಏರಿಯಿಂದ ಹೊರಟು, ಕೆರೆಯ ಏರಿ ಹಾದು, ರಾಗಿ ಹೊಲಗಳ ಬದು ಸವರಿಕೊಂಡು, ಒಂದು ತೆಂಗಿನ ತೋಟದೊಳಗೆ ಹೊಕ್ಕು ಹೊರಬಂದರೆ ಹೈಸ್ಕೂಲು ಇರುವ ಪಕ್ಕದ ಊರು. ನಾಲ್ಕು ಕಿಲೋಮೀಟರಿನ ಹಳೆಯ ಬಂಡಿ ಜಾಡು. ತಿಂಗಳಿಗೆ ಎರಡು ಭಾನುವಾರ ತುಮಕೂರಿನ ಸೈಕಲ್ ಸವಾರರು ಇದೇ ಜಾಡು ಹಾದು ಕುಣಿಗಲ್ ಕೆರೆಯವರೆಗೆ ಹೋಗುತ್ತಾರೆ. ಅಂಗಡಿಯವರು, ಬ್ಯಾಂಕಿನವರು, ಹಿರೇಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವವರು ಎಲ್ಲರೂ ಅವರಲ್ಲಿದ್ದಾರೆ. ಸುಲಭದ ದಾರಿ, ಸೊಗಸಾದ ದಾರಿ ಎಂದು ಫೋಟೊ ತೆಗೆದುಕೊಳ್ಳುತ್ತಾರೆ. ಆ ಫೋಟೊಗಳಲ್ಲಿ ಕೆರೆ ಇರುತ್ತದೆ, ಬೆಳ್ಳಕ್ಕಿ ಇರುತ್ತದೆ. ಗೋಣಿ ಎಳೆದವರು ಇರುವುದಿಲ್ಲ. ಅಷ್ಟು ಹೊತ್ತಿಗೆ ಅವರು ಮನೆಗೆ ಹೋಗಿ ಮುದ್ದೆಗೆ ಎಸರಿಟ್ಟಿರುತ್ತಾರೆ.

ಈ ಹಾದಿ ಮೊದಲು ತೆರೆದದ್ದು ಭಾನುವಾರದವರಿಗಾಗಿ ಅಲ್ಲ. ಮಗಳು ಕಾವ್ಯ ಎಂಟನೇ ಕ್ಲಾಸಿಗೆ ಸೇರಿದ ವರ್ಷ ಸ್ಕೂಲಿನಲ್ಲಿ ಸೈಕಲ್ ಕೊಟ್ಟಿದ್ದರು. ಬಂಡಿ ಜಾಡಿನಲ್ಲಿ ಹೋದರೆ ದಿನಕ್ಕೊಂದು ಪಂಕ್ಚರ್. ಜಾಲಿ ಎರಡೂ ಕಡೆಯಿಂದ ಬಾಗಿ, ಬಂಡಿ ಹೋಗದೆ ಎಷ್ಟೋ ಕಾಲವಾಗಿತ್ತು. ಅದಕ್ಕೇ ಹುಡುಗಿ ಟಾರು ರೋಡು ಹಿಡಿದಳು. ಟಾರು ರೋಡೆಂದರೆ ಜಲ್ಲಿ ಲಾರಿಗಳ ರೋಡು. ಒಂದು ಸಂಜೆ ಲಾರಿಯೊಂದು ಉಜ್ಜಿಕೊಂಡು ಹೋದ ಗಾಳಿಗೇ ಮಗಳು ಸೈಕಲ್ ಸಮೇತ ಚರಂಡಿಗೆ ಬಿದ್ದಳು. ಮಡ್‌ಗಾರ್ಡ್ ಸೊಟ್ಟಗಾಯಿತು, ಮೊಣಕೈ ತರಚಿತು, ಅಷ್ಟೆ. ಆದರೆ ಮಾರನೆಯ ದಿನ ಕಾವ್ಯ ಬ್ಯಾಗು ಹೆಗಲಿಗೆ ಹಾಕಲಿಲ್ಲ.

“ನಾನು ಹೋಗಾಕಿಲ್ಲ ಕಣಮ್ಮ ಅಂದ್ಬುಟ್ಲು. ಬೈದೆ, ರಮಿಸ್ದೆ. ಊಹುಂ. ಆಮೇಲೆ ಯೋಚ್ನೆ ಮಾಡ್ದೆ, ಮಗೀನ ಯಾಕ್ ಬೈಯ್ಲಿ? ಜಾಲಿ ತಾನೆ ಅಡ್ಡ ಇರೋದು? ಮಚ್ಚು ತಗಂಡು ಹೊಂಟೆ.”

ಜಾಲಿಯೇನೋ ಮಚ್ಚಿಗೆ ಬಗ್ಗಿತು. ನೆಗ್ಗಿಲು ಬಗ್ಗಲಿಲ್ಲ. ಗುಡಿಸಿ ನೋಡಿದರು, ಬಾಚಿ ನೋಡಿದರು. ಕೊನೆಗೆ ಒಂದು ದಿನ ಹೊಲದಿಂದ ರಾಗಿ ಚೀಲವನ್ನು ಹೊರಲಾರದೆ ಜಾಡಿನ ಮೇಲೆ ಎಳೆದುಕೊಂಡು ಮನೆಗೆ ಬಂದಾಗ, ಚೀಲದ ತಳ ಮುಳ್ಳಂದಿಯ ಹಾಗಾಗಿತ್ತು. ಅದನ್ನು ಕಂಡು ಗಂಡ ರಾಮಾಂಜಿನಯ್ಯ, “ಊರ ಮುಳ್ಳೆಲ್ಲ ಮನೇಗೆ ತಂದಿದೀಯಲ್ಲೇ,” ಎಂದು ರೇಗಿದರು. ಸಿದ್ದಲಕ್ಷ್ಮಮ್ಮ ಮಾತ್ರ ತಿರುಗಿ ಜಾಡನ್ನು ನೋಡಿದರು. ಚೀಲ ಬಂದಷ್ಟು ಅಗಲಕ್ಕೆ ನೆಲ ಚೊಕ್ಕಟ. ಅವತ್ತಿನಿಂದ ಈ ಗೋಣಿ. ಬಿಡಿಸಿದ ಮುಳ್ಳು ನೀರೊಲೆಗೆ ಹೋಗುತ್ತದೆ. ರಾಮಾಂಜಿನಯ್ಯ ಹಿರೇಹಳ್ಳಿಯಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಈಗ ಅವರೇ ಹೇಳುತ್ತಾರೆ: “ನಮ್ಮನೆ ಬಿಸ್ನೀರು ಚೆನ್ನಾಗ್ ಕಾಯ್ತದೆ. ಸೌದೆ ಕೊಳ್ಳಂಗೇ ಇಲ್ಲ.”

ಕಾವ್ಯ ಹೈಸ್ಕೂಲು ಮುಗಿಸಿ, ಈಗ ತುಮಕೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ಅವಳ ಹಿಂದೆ ಊರಿನ ಬೇರೆ ಹೆಣ್ಣುಮಕ್ಕಳು ಸೈಕಲ್ ಏರಿದರು. ಗೋಣಿ ನಿಲ್ಲಲಿಲ್ಲ. ಭಾನುವಾರದವರು ಬಂದದ್ದು ಆಮೇಲೆ, ಅದೂ ದಾರಿ ತಪ್ಪಿ. ತುಮಕೂರಿನ ಉದಯಕುಮಾರ್ ಹಗಲು ಫಿಟ್ಟರ್, ರಜೆಯಲ್ಲಿ ಸೈಕಲ್ ಹುಚ್ಚಿನವರು. ನಾಲೆಯ ಏರಿಯ ಮೇಲೆ ಹೋಗುತ್ತಿದ್ದವರು ಎಲ್ಲೋ ತಪ್ಪಿ ಕೆರೆಯ ಕಡೆ ಇಳಿದರು.

“ಈ ಸೀಮೇಲಿ ಪಂಕ್ಚರ್ ಆಗ್ದೆ ಒಂದ್ ಮೈಲಿ ಹೋದ್ರೆ ದೊಡ್ದು. ಇಲ್ಲಿ ಹೋಗ್ತಾನೇ ಇದೀನಿ, ಹೋಗ್ತಾನೇ ಇದೀನಿ, ಟೈರಿಗೆ ಏನೂ ಆಗ್ತಿಲ್ಲ. ಏನೋ ಮಾಟ ಇರ್ಬೇಕು ಅನ್ಕೊಂಡೆ,” ಎನ್ನುತ್ತಾರೆ ಉದಯಕುಮಾರ್. ಮುಂದೆ ಹೋದಾಗ ಮಾಟ ಮಾಡುವವರೇ ಸಿಕ್ಕರು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಈಗ ಅವರ ಗುಂಪು ಸಿದ್ದಲಕ್ಷ್ಮಮ್ಮನಿಗೆ ತಿಂಗಳಿಗಿಷ್ಟು ಎಂದು ಕೂಲಿ ಕೊಡುತ್ತದೆ. ಕೂಲಿ ಬಂದಮೇಲೆ ಕೆಲಸವೇನೂ ಬದಲಾಗಲಿಲ್ಲ. ಊರಲ್ಲಿ ಮೊದಲು ಹುಚ್ಚಿ ಎನ್ನುತ್ತಿದ್ದವರು ಈಗ ‘ಸೈಕಲ್ ಸಿದ್ದಕ್ಕ’ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ತಮಾಷೆಯೆಂದರೆ ಸಿದ್ದಕ್ಕನಿಗೆ ಸೈಕಲ್ ತುಳಿಯಲು ಬರುವುದಿಲ್ಲ. ಕಲಿಯುವ ಆಸೆಯೂ ಇಲ್ಲ. “ಮ್ಯಾಲೆ ಕೂತ್ರೆ ಮುಳ್ಳು ಎಲ್ಲಿ ಕಾಣ್ತದೆ?” ಎಂದು ಕೇಳುತ್ತಾರೆ.

ಮುಳ್ಳು ಕೀಳುವುದಕ್ಕಿಂತ ಕಷ್ಟದ ಕೆಲಸ ಈ ಹಾದಿಯಲ್ಲಿ ಇನ್ನೊಂದಿದೆ. ಅದು ಮನಸ್ಸುಗಳನ್ನು ಕಾಯುವುದು. ಜಾಡಿನ ಕೊನೆಯ ತುಂಡು, ಒಂದು ಕೂಗಳತೆಯಷ್ಟು, ರೇಣುಕಾಪ್ರಸಾದ್ ಅವರ ತೆಂಗಿನ ತೋಟದೊಳಗೆ ಹೋಗುತ್ತದೆ. ಹಣೆಯ ವಿಭೂತಿ ಅಳಿಯದ, ಮಾತು ಕಡಿಮೆಯ ಮನುಷ್ಯ. ತೋಟವೆಂದರೆ ಪ್ರಾಣ. ಆ ತುಂಡು ಇಲ್ಲವಾದರೆ ಉಳಿದ ದಾರಿಯೆಲ್ಲ ಇದ್ದೂ ಇಲ್ಲದ ಹಾಗೆ. ಮತ್ತೆ ಟಾರು ರೋಡೇ ಗತಿ. ಮಗಳ ಕಾಲದಲ್ಲಿ ಸಿದ್ದಲಕ್ಷ್ಮಮ್ಮ ಹೋಗಿ ಕೇಳಿದಾಗ ಅವರು ಬೇಡವೆನ್ನಲಿಲ್ಲ. “ಮಕ್ಳು ಹೋಗ್ಲಿ. ಜಾಡು ಬಿಟ್ಟು ಒಂದಡಿ ಒಳಗೆ ಕಾಲಿಡ್ಬಾರ್ದು. ಒಂದು ಎಳನೀರು ಮುಟ್ಬಾರ್ದು,” ಎಂದಷ್ಟೇ ಹೇಳಿದ್ದರು. ಎಷ್ಟೋ ವರ್ಷ ಆ ಮಾತು ನಡೆಯಿತು, ಭಾನುವಾರದವರೂ ಅದಕ್ಕೆ ತಪ್ಪಿರಲಿಲ್ಲ. ಕೆಟ್ಟದ್ದು ಹೋದ ವರ್ಷ, ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಯಾರ ಕೇಡಿನಿಂದಲೂ ಅಲ್ಲ, ಹುರುಳಿಯಿಂದ.

ಈ ಸೀಮೆಯಲ್ಲಿ ಹುರುಳಿ ಕಿತ್ತ ಮೇಲೆ ಕಣ ಮಾಡುವವರು ಈಗ ಕಡಿಮೆ. ಬಳ್ಳಿಯನ್ನು ರೋಡಿನ ಮೇಲೆ ಹರಡಿದರಾಯಿತು. ಬಸ್ಸು, ಲಾರಿ, ಟ್ರ್ಯಾಕ್ಟರು ತುಳಿದು ತುಳಿದು ಕಾಳು ಬಿಡಿಸಿಕೊಡುತ್ತವೆ. ಆದರೆ ರೋಡಿನಲ್ಲಿ ಜಾಗ ಹಿಡಿಯಲೂ ತೋಳಿನಲ್ಲಿ ಬಲ ಬೇಕು. ತೊರೆಪಾಳ್ಯದ ದೊಡ್ಡಗಂಗಮ್ಮನಿಗೆ ವಯಸ್ಸು ಎಂಬತ್ತರ ಹತ್ತಿರ. ಇರುವುದು ಅರ್ಧ ಎಕರೆ. ರೋಡಿಗೆ ಬಳ್ಳಿ ಹೊತ್ತು ಹೋಗುವಷ್ಟರಲ್ಲಿ ದೊಡ್ಡ ರೈತರು ಜಾಗವನ್ನೆಲ್ಲ ಹಿಡಿದಿರುತ್ತಾರೆ. ಟ್ರ್ಯಾಕ್ಟರಿನವರನ್ನು ಬೇಡುವುದು ಅಜ್ಜಿಗೆ ಆಗದ ಮಾತು.

ಆ ಶನಿವಾರ ಸಿದ್ದಲಕ್ಷ್ಮಮ್ಮ ಎಂದಿನಂತೆ ಜಾಡಿನ ಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದರು. ನಾಳೆ ನಲವತ್ತು ಸೈಕಲ್ ಬರುತ್ತವೆ, ನಾಯಿ ಕಟ್ಟಿ, ಕರು ಬಿಡಬೇಡಿ. ಎಲ್ಲರೂ ಹೂಂ ಎಂದರು. ದೊಡ್ಡಗಂಗಮ್ಮ ಮಾತ್ರ ಎರಡೆರಡು ಸಲ ಕೇಳಿದರು: “ನಲವತ್ತಾ? ದಿಟವಾಗ್ಲೂ ನಲವತ್ತೇನೇ ಸಿದ್ದಿ?” ದಿಟ ಅಜ್ಜಿ ಎಂದು ಇವರು ಬಂದರು. ಅಜ್ಜಿಗೆ ರಾತ್ರಿ ನಿದ್ದೆ ಬಂದಿರಲಾರದು. ನಲವತ್ತು ಸೈಕಲ್ಲೆಂದರೆ ಎಂಬತ್ತು ಚಕ್ರ. ಅಜ್ಜಿಯ ಲೆಕ್ಕದಲ್ಲಿ ಎರಡು ಟ್ರ್ಯಾಕ್ಟರಿಗೆ ಸಮ, ಅದೂ ಮನೆ ಬಾಗಿಲಿಗೆ.

ಭಾನುವಾರ ಬೆಳಗ್ಗೆ ಸಿದ್ದಲಕ್ಷ್ಮಮ್ಮ ಗೋಣಿ ಎಳೆದುಕೊಂಡು, ಚಪ್ಪಲಿ ನೋಡಿಕೊಂಡು, ತೋಟದ ಬಾಯಲ್ಲಿರುವ ಅಜ್ಜಿಯ ಮನೆ ದಾಟಿ ತೋಟದ ಆಚೆ ತುದಿಗೆ ಹೋದರು. ಅವರ ಬೆನ್ನು ಮರೆಯಾದ ಕೂಡಲೇ ದೊಡ್ಡಗಂಗಮ್ಮ ಹೊರೆಹೊರೆಯಾಗಿ ಬಳ್ಳಿ ತಂದು, ಗೋಣಿ ಎಳೆದ ಚೊಕ್ಕಟ ಜಾಡಿನ ಮೇಲೆ, ತೋಟದ ಬಾಯಲ್ಲೇ, ದಪ್ಪಗೆ ಹರಡಿದರು. ಹೊಲದ ಬದುವಿನಿಂದ ಇಳಿದು ತಿರುಗುವ ಜಾಗ ಅದು. ತಿರುಗುವವರೆಗೂ ಮುಂದೇನಿದೆ ಎಂದು ಕಾಣುವುದಿಲ್ಲ.

ಮೊದಲ ನಾಲ್ಕು ಸೈಕಲ್ ಒಟ್ಟಿಗೇ ಬಂದವು. ಒಣ ಬಳ್ಳಿ ಚೈನಿಗೆ ಸುತ್ತಿಕೊಂಡಿತು, ಉದುರಿದ ಕಾಳು ಟೈರಿನಡಿ ಗೋಲಿಯಂತೆ ಉರುಳಿತು. ಒಬ್ಬರ ಮೇಲೊಬ್ಬರು ಬಿದ್ದರು. ಹಿಂದಿನವರು ತಪ್ಪಿಸಿಕೊಳ್ಳಲು ಹೋಗಿ ತೋಟಕ್ಕೆ ನುಗ್ಗಿದರು. ಡ್ರಿಪ್ ಪೈಪು ಒಡೆದು ನೀರು ಆಳೆತ್ತರ ಚಿಮ್ಮಿತು. ರೇಣುಕಾಪ್ರಸಾದ್ ಆ ತಿಂಗಳಷ್ಟೇ ನೆಟ್ಟಿದ್ದ ತೆಂಗಿನ ಸಸಿಗಳಲ್ಲಿ ಎರಡು ಮುರಿದು ಮಲಗಿದವು. ಬಿದ್ದವರಿಗೆ ತರಚುಗಾಯಕ್ಕಿಂತ ಹೆಚ್ಚೇನೂ ಆಗಲಿಲ್ಲ ಎನ್ನುವುದೊಂದೇ ಪುಣ್ಯ. ಈ ಗದ್ದಲದ ನಡುವೆ ದೊಡ್ಡಗಂಗಮ್ಮ ಕವೆಗೋಲು ಹಿಡಿದು ಬಳ್ಳಿ ತಿರುವಿ ಹಾಕುತ್ತ, “ಯಾಕ್ರಪ್ಪಾ ನಿಂತ್ಕಂಡ್ರಿ? ಈ ಮಗ್ಲು ಇನ್ನೂ ಹಸಿ ಐತೆ. ಇನ್ನೊಂದ್ ಸುತ್ತು ಹೊಡೀರಿ!” ಎನ್ನುತ್ತಿದ್ದರು.

ಉದಯಕುಮಾರ್ ಇದನ್ನು ಹೇಳುವಾಗ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವತ್ತು ನಗುವ ಹಾಗಿರಲಿಲ್ಲ. ನೀರಿನ ಸದ್ದಿಗೆ ರೇಣುಕಾಪ್ರಸಾದ್ ಓಡಿ ಬಂದರು. ಮುರಿದ ಸಸಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಸುಳಿಯನ್ನು ಮುಟ್ಟಿ ನೋಡಿದರು. ಸಿದ್ದಲಕ್ಷ್ಮಮ್ಮ ಎದುರಿಗೆ ನಿಂತು, “ತಪ್ಪಾಯ್ತಣ್ಣ,” ಎಂದರು.

“ಅಜ್ಜಿಗೆ ನಾನೇನ್ ಅನ್ಲಿ, ವಯಸ್ಸಾದೋರು. ಸೈಕಲ್ ಬರ್ತವೆ ಅಂತ ತಾನೆ ಅವ್ರು ಹರಡಿದ್ದು? ಸೈಕಲ್ಲೇ ಬರ್ದಿದ್ರೆ ಇದ್ಯಾವ್ದೂ ಇಲ್ಲ. ಇನ್ ಸಾಕು ಸಿದ್ದಕ್ಕ,” ಎಂದರು ರೇಣುಕಾಪ್ರಸಾದ್. ಸಂಜೆಯ ಹೊತ್ತಿಗೆ ತೋಟದ ಎರಡೂ ಬಾಯಿಗೆ ಜಾಲಿ ಮುಳ್ಳಿನ ಕೊಂಬೆಗಳು ಬಿದ್ದಿದ್ದವು.

ಮುಳ್ಳು ತೆಗೆಯುವುದನ್ನೇ ಕೆಲಸ ಮಾಡಿಕೊಂಡವರು ಆ ಮುಳ್ಳನ್ನು ಮುಟ್ಟಲಿಲ್ಲ. ಊರಿನ ಕೆಲವರು, ರಾತ್ರೋರಾತ್ರಿ ಕಿತ್ತು ಬಿಸಾಕು, ಏನು ಮಾಡ್ತಾನೆ ನೋಡೋಣ ಎಂದು ಕಿವಿ ಕಚ್ಚಿದರು. ಸಿದ್ದಲಕ್ಷ್ಮಮ್ಮ ಒಪ್ಪಲಿಲ್ಲ. “ದಾರೀಲಿ ಬಿದ್ದಿರೋ ಮುಳ್ಳು ನಂದು. ಬೇಲಿ ಮುಳ್ಳು ಅವ್ರದು. ಅವ್ರ ಬೇಲಿಗೆ ಕೈ ಹಾಕಿದ್ರೆ ನಾಳೆ ಯಾರ್ ನನ್ನ ಹೊಲಕ್ಕೆ ಬುಟ್ಕಂಡಾರು?” ಎಂದು ಕೇಳಿದರು.

ಉದಯಕುಮಾರ್ ತೋಟದವರಿಗೆ ಫೋನ್ ಮಾಡಿ, ಪೈಪು ಸಸಿಯ ನಷ್ಟ ತಾವು ಕಟ್ಟಿಕೊಡುತ್ತೇವೆ ಎಂದರು. ರೇಣುಕಾಪ್ರಸಾದ್ ಬೇಡವೆಂದರು. ಹಾಗಾದರೆ ತುಮಕೂರಿನ ಆಚೆ, ಕೋರದ ಕಡೆ ಬೇರೆ ದಾರಿ ನೋಡಿಕೊಳ್ಳುತ್ತೇವೆ, ನೀವು ಬೇಜಾರು ಮಾಡ್ಕೋಬೇಡಿ ಅಕ್ಕ ಎಂದು ಉದಯಕುಮಾರ್ ಸಮಾಧಾನ ಹೇಳಿದರು. ಸಿದ್ದಲಕ್ಷ್ಮಮ್ಮ ಕೊಟ್ಟ ಉತ್ತರ ಅವರಿಗೆ ಇವತ್ತಿಗೂ ನೆನಪಿದೆ: “ನಿಮ್ಗೆ ಹತ್ತು ದಾರಿ ಐತೆ ಕಣಪ್ಪ, ಹುಡುಕ್ಕಳ್ಳಿ. ಈ ಮಕ್ಳಿಗೆ ಇದೊಂದೇ.”

ಸೋಮವಾರದಿಂದ ಹೆಣ್ಣುಮಕ್ಕಳು ಟಾರು ರೋಡಿಗೆ ಬಂದರು. ಅವರ ಹಿಂದೆ ಸಿದ್ದಲಕ್ಷ್ಮಮ್ಮ ಕೆಂಪು ಟವೆಲ್ಲು ಹಿಡಿದು ಓಡುನಡಿಗೆಯಲ್ಲಿ ಹೋಗುತ್ತಿದ್ದರು. ಲಾರಿ ಬಂದರೆ ಟವೆಲ್ಲು ಬೀಸುವುದು, ಮಕ್ಕಳಿಗೆ ಅಂಚಿಗೆ ಇಳಿಯಿರಿ ಎಂದು ಕೂಗುವುದು. ಸಂಜೆ ಮತ್ತೆ ಸ್ಕೂಲಿನ ಗೇಟಿನ ಹತ್ತಿರ ಹಾಜರು. ಸೈಕಲ್ಲಿನ ವೇಗಕ್ಕೆ ಕಾಲು ಎಲ್ಲಿ ಸಾಟಿ? ಎಂಟನೇ ಕ್ಲಾಸಿನ ಒಂದು ಹುಡುಗಿ ಎರಡನೆಯ ವಾರ ಅಪ್ಪನ ಹತ್ತಿರ, ನಾನು ಸ್ಕೂಲು ಬಿಡ್ತೀನಿ ಎಂದಳಂತೆ. ಅದು ಕಿವಿಗೆ ಬಿದ್ದ ದಿನ ಸಿದ್ದಲಕ್ಷ್ಮಮ್ಮ ಊಟ ಮಾಡಲಿಲ್ಲ. ಮಗಳ ಬಾಯಿಂದ ಕೇಳಿದ ಮಾತೇ ಮತ್ತೆ ಬಂದು ಬಾಗಿಲಲ್ಲಿ ನಿಂತಿತ್ತು.

ತಾನು ಹರಡಿದ ಹುರುಳಿ ಎಲ್ಲಿಯವರೆಗೆ ಹೋಗಿ ಮುಟ್ಟಿದೆ ಎಂದು ದೊಡ್ಡಗಂಗಮ್ಮನಿಗೆ ಗೊತ್ತಾದದ್ದು, ಮಾತ್ರೆ ತರಲು ಟಾರು ರೋಡಿನ ಬಸ್‌ಸ್ಟಾಪಿಗೆ ಬಂದ ಬೆಳಗ್ಗೆ. ರೋಡಿನ ಅರ್ಧಕ್ಕೆ ಯಾರದೋ ಹುರುಳಿ ಹರಡಿತ್ತು, ಸುತ್ತ ಕಲ್ಲು ಜೋಡಿಸಿತ್ತು. ಉಳಿದರ್ಧದಲ್ಲಿ ಲಾರಿಗಳು. ಸೈಕಲ್ಲಿನ ಹುಡುಗಿಯರು ಎತ್ತ ಹೋಗಬೇಕೆಂದು ತಿಳಿಯದೆ ಇಳಿದು ನಿಂತಿದ್ದರು. ಸಿದ್ದಲಕ್ಷ್ಮಮ್ಮ ನಡುರೋಡಿನಲ್ಲಿ ಟವೆಲ್ಲು ಬೀಸುತ್ತಿದ್ದರು. ಹುರುಳಿಯ ಪಕ್ಕದಲ್ಲಿ ಕವೆಗೋಲು ಹಿಡಿದು ಬಳ್ಳಿ ತಿರುವುತ್ತಿದ್ದವರು ಬೇರೆ ಯಾರೂ ಅಲ್ಲ, ರೇಣುಕಾಪ್ರಸಾದ್.

ರೇಣುಕಾಪ್ರಸಾದ್ ಅವರನ್ನು ಅಜ್ಜಿ ತೊಟ್ಟಿಲ ಕಾಲದಿಂದ ಬಲ್ಲವರು. ಅವರಪ್ಪನ ಕಣದಲ್ಲಿ ರಾಗಿ ತೂರುವಾಗ ಸೆರಗಿನ ಜೋಲಿಯಲ್ಲಿ ಇವರನ್ನು ತೂಗಿದವರು. ಸೊಂಟಕ್ಕೆ ಕೈ ಕೊಟ್ಟು ಎದುರಿಗೆ ನಿಂತರು.

“ಏನ್ಲಾ ರೇಣುಕ, ಯಾರ್ದ್ಲಾ ಈ ಹುರುಳಿ?”

“ನಂದೇ ಅಜ್ಜಿ. ಯಾಕೆ?”

“ರೋಡು ಯಾರ್ದು?”

“ಸರ್ಕಾರದ್ದು.”

“ಸರ್ಕಾರದ ರೋಡಲ್ಲಿ ನೀನು ಹುರುಳಿ ಹಾಕಂಡಿದೀಯ. ನಿಮ್ಮಪ್ಪನೂ ಹಾಕ್ತಿದ್ದ. ಸರ್ಕಾರ ಯಾವತ್ತಾದ್ರೂ ಬಂದು ರೋಡಿಗೆ ಮುಳ್ಳು ಹಾಕ್ತೇನ್ಲಾ?”

ಬಸ್‌ಸ್ಟಾಪಿನಲ್ಲಿದ್ದವರು ಕಿಸಕ್ಕೆಂದರು. ಹುಡುಗಿಯರು ಬಾಯಿಗೆ ವೇಲು ಒತ್ತಿಕೊಂಡರು. ರೇಣುಕಾಪ್ರಸಾದ್ ಒಮ್ಮೆ ಹುರುಳಿ ನೋಡಿದರು, ಒಮ್ಮೆ ಮಕ್ಕಳನ್ನು ನೋಡಿದರು.

“ಬಿಸ್ಲು ಏರ್ತಾ ಐತೆ, ಮನೆಗೆ ಹೋಗಜ್ಜಿ,” ಎಂದರು.

“ಹೋಯ್ತೀನಿ ಬುಡು. ನನ್ ಹುರುಳೀಲಿ ಬಿದ್ದೋರಿಗೆ ಮಂಡಿ ತರಚ್ತು. ನಿನ್ ಹುರುಳೀಲಿ ಬಿದ್ರೆ ಮ್ಯಾಲೆ ಲಾರಿ ಹರೀತದೆ. ಅಷ್ಟೇ ವ್ಯತ್ಯಾಸ,” ಎಂದು ಅಜ್ಜಿ ಬಸ್ಸು ಹತ್ತಿದರು. ನಗು ಅಲ್ಲಿಗೆ ನಿಂತಿತು.

ಮಾರನೆಯ ದಿನ ಸಿದ್ದಲಕ್ಷ್ಮಮ್ಮ ಬೆಳಕು ಹರಿಯುವ ಮೊದಲೇ ಎದ್ದರು. ದಾರಿ ಮುಚ್ಚಿದ ಮೇಲೂ ತೋಟದ ಬಾಯಿಯವರೆಗೆ ಗೋಣಿ ಎಳೆಯುವುದನ್ನು ಅವರು ಒಂದು ದಿನವೂ ಬಿಟ್ಟಿರಲಿಲ್ಲ. ತಿರುವಿಗೆ ಬಂದು ನೋಡುತ್ತಾರೆ, ಅಡ್ಡಲಾಗಿದ್ದ ಜಾಲಿ ಇಲ್ಲ. ಒಡೆದ ಪೈಪು ಹೊಸದಾಗಿದೆ, ಅದನ್ನು ಜಾಡಿನ ಉದ್ದಕ್ಕೂ ಮಣ್ಣಿನೊಳಗೆ ಹೂತಿದ್ದಾರೆ. ಆದರೆ ರೇಣುಕಾಪ್ರಸಾದ್ ಕೊಂಬೆಗಳನ್ನು ಎತ್ತಿ ಹಾಕಿರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದರದರ ಎಳೆದುಕೊಂಡು ಹೋಗಿದ್ದರು. ಆ ಕೂಗಳತೆಯ ತುಂಬ, ಕಾಲಿಡಲು ಜಾಗವಿಲ್ಲದಂತೆ, ಜಾಲಿ ಮುಳ್ಳು ಉದುರಿತ್ತು.

“ಆವತ್ತಿನಷ್ಟು ಮುಳ್ಳು ಯಾವತ್ತೂ ಸಿಕ್ಕಿಲ್ಲ. ಗೋಣಿ ಮೂರ್ ಸಲ ತುಂಬ್ತು, ಚಪ್ಪಲಿ ಜಲ್ಡಿ ಆಯ್ತು. ಆ ರೇಣುಕಣ್ಣನ್ನ ಬೈಕಂಡೇ ಎಳ್ದೆ,” ಎನ್ನುವಾಗ ಸಿದ್ದಲಕ್ಷ್ಮಮ್ಮನ ಮುಖ ಅರಳಿರುತ್ತದೆ. “ಬೈಕಂಡು ಎಳಿಯಾಕಾದ್ರೂ ಒಂದು ದಾರಿ ಬೇಕಲ್ಲ!”

ರೇಣುಕಾಪ್ರಸಾದ್ ಅವರನ್ನು ಕೇಳಿದರೆ ಗಂಭೀರವಾಗಿ ಹೇಳುತ್ತಾರೆ: “ಅಜ್ಜಿ ಬೈದ್ರು ಅಂತ ತೆಗ್ದೆ ಅಂತ ಬರೀಬೇಡಿ. ಪೈಪ್ ರಿಪೇರಿ ಆಗಿತ್ತು, ಅದಕ್ಕೆ ತೆಗ್ದೆ.” ಈ ವರ್ಷ ಅವರ ಹುರುಳಿ ರೋಡಿಗೆ ಬಂದಿಲ್ಲ. ತೋಟದ ಪಕ್ಕದ ಬಯಲನ್ನು ಸಾರಿಸಿ ಕಣ ಮಾಡಿದ್ದಾರೆ, ಟ್ರ್ಯಾಕ್ಟರ್ ಕರೆಸಿದ್ದಾರೆ. ಅದೇ ಕಣದ ಮೂಲೆಯಲ್ಲಿ ದೊಡ್ಡಗಂಗಮ್ಮನ ಅರ್ಧ ಎಕರೆ ಹುರುಳಿಗೂ ಜಾಗವಿದೆ. ಅಜ್ಜಿಗೆ ಅದರಲ್ಲಿ ಪೂರ್ತಿ ನಂಬಿಕೆ ಬಂದ ಹಾಗಿಲ್ಲ. ಭಾನುವಾರದ ಸೈಕಲ್ಲಿನವರು ಆ ತಿರುವಿನಲ್ಲಿ ಈಗ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಅಜ್ಜಿ ಜಗಲಿಯ ಮೇಲಿಂದ, “ಇಳ್ದು ತಳ್ಳಿದ್ರೆ ಎಲ್ಲಿಂದ ಉದುರ್ತದೆ ಕಾಳು!” ಎಂದು ಗೊಣಗುವುದನ್ನು ಬಿಟ್ಟಿಲ್ಲ.

ಮಂಜು ಕರಗಿದೆ. ಏರಿಯ ಆ ತುದಿಯಿಂದ ಬೆಲ್ಲುಗಳ ಸದ್ದು ಕೇಳಿಸುತ್ತಿದೆ, ನೀಲಿ ಯೂನಿಫಾರ್ಮಿನ ಹುಡುಗಿಯರು ಸಾಲಾಗಿ ಬರುತ್ತಿದ್ದಾರೆ. ಸ್ಕೂಲು ಬಿಡುತ್ತೇನೆ ಎಂದಿದ್ದವಳು ಎಲ್ಲರಿಗಿಂತ ಮುಂದೆ, ಒಂದು ಕೈ ಬಿಟ್ಟುಕೊಂಡು. “ಎರಡೂ ಕೈ ಹಿಡ್ಕಳೇ!” ಎಂದು ಸಿದ್ದಲಕ್ಷ್ಮಮ್ಮ ಗದರುತ್ತಾರೆ, ಗೋಣಿಯನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಡುತ್ತಾರೆ. ಸೈಕಲ್ಲುಗಳು ತಿರುವು ದಾಟಿ ತೋಟದ ನೆರಳಿಗೆ ಹೋಗುವವರೆಗೂ ಅಲ್ಲೇ ನಿಂತು ನೋಡುತ್ತಾರೆ.

ಪಂಚಾಯ್ತಿಯವರೊಬ್ಬರು ಮೊನ್ನೆ ಬಂದು, ಇಷ್ಟು ವರ್ಷ ಕಷ್ಟಪಟ್ಟಿದ್ದೀರಿ, ಈ ಜಾಡಿಗೆ ಟಾರು ಹಾಕಿಸಿಕೊಡ್ತೀನಿ ಎಂದು ಹೇಳಿಹೋದರಂತೆ. ಪತ್ರಿಕೆಯ ಮೂಲಕ ಏನಾದರೂ ಕೇಳುವುದಿದ್ದರೆ ಹೇಳಿ ಎಂದಾಗ ಸಿದ್ದಲಕ್ಷ್ಮಮ್ಮನಿಗೆ ಮೊದಲು ನೆನಪಾದದ್ದು ಅದೇ.

“ಅವ್ರಿಗೆ ಬ್ಯಾಡ ಅನ್ನಿ. ಟಾರು ಬಂದ್ರೆ ಅದರ ಹಿಂದೇನೇ ಲಾರಿನೂ ಬತ್ತದೆ. ಮಣ್ಣು ಮಣ್ಣಾಗೇ ಇರ್ಲಿ,” ಎಂದು ಹಗ್ಗವನ್ನು ಮತ್ತೆ ಸೊಂಟಕ್ಕೆ ಬಿಗಿಯುತ್ತಾರೆ. “ಮುಳ್ಳು ನಾನು ನೋಡ್ಕತೀನಿ.”